ಮೂಲದಾಳು, ಸಾಲದಾಳು ಮತ್ತು ಕುದ್ಮುಲ್ ರಂಗರಾವ್

ಮಾನವ ಸಾಗಣೆ ಅಂದ ಕೂಡಲೇ ನಮಗೆ ನೆನಪಾಗೋದು ಮುಂಬಯಿಯ ಗಲ್ಲಿಗಳು, ಇಟ್ಟಿಗೆ ಗೂಡುಗಳು. ಆದ್ರೆ ನಮ್ಮ ತುಳುನಾಡಿನಲ್ಲೇ ಒಂದು ಕಾಲಕ್ಕೆ ಗದ್ದೆಯ ಜೊತೆಗೆ ಆಳನ್ನೂ ಮಾರುತ್ತಿದ್ದರು! ಪರ್ಕಳದವನಾದ ನನಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಲಿಲ್ಲ.

1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕೊಂಡ ಆಳುಗಳ ಬಗ್ಗೆ ಬರೆದಿದ್ದಾನೆ. 1843ರ 5ನೇ ಕಾಯ್ದೆ ಬಂದ ಮೇಲೆ ಕಂಪನಿ ಸರಕಾರದ ಕೋರ್ಟುಗಳು ಗುಲಾಮಗಿರಿಯ ಹಕ್ಕನ್ನು ಒಪ್ಪದಾದವು. 1862ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ 370ನೇ ಕಲಮು ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧ ಎಂದಿತು. ಅಲ್ಲಿಗೆ ಕತೆ ಮುಗೀತು ಅಂದ್ಕೊಂಡ್ರಾ?

ಇಲ್ಲ. 1890ರ ದಶಕದ ದಕ್ಷಿಣ ಕೆನರಾ ಕೈಪಿಡಿಯಲ್ಲಿ ಎರಡು ಬಗೆಯ ದಲಿತ ಆಳುಗಳ ಪ್ರಸ್ತಾಪ ಇದೆ. ಒಬ್ಬರು ‘ಮೂಲದವರು’, ಅಂದರೆ ಧಣಿಯ ಮೂಲಿ ವರ್ಗಕ್ಕೆ ವಂಶಪಾರಂಪರ್ಯವಾಗಿ ಅಂಟಿಕೊಂಡವರು. ಇನ್ನೊಬ್ಬರು ‘ಸಾಲದವರು’, ಸಾಲ ತೀರುವ ತನಕ ದುಡಿಯಬೇಕಾದವರು. ಕಾಯ್ದೆ ಸಂಕೋಲೆ ಬಿಚ್ಚಿತು ನಿಜ, ಆದ್ರೆ ಕೈಗೆ ಭೂಮಿ ಇಲ್ಲ, ಅಕ್ಷರ ಇಲ್ಲ, ಬೇರೆ ಕಸುಬಿಲ್ಲ. ಹಾಗಿರುವಾಗ ಬಿಡುಗಡೆಯಾದವನು ಹೋಗೋದಾದ್ರೂ ಎಲ್ಲಿಗೆ? ಮತ್ತೆ ಅದೇ ಧಣಿಯ ಅಂಗಳಕ್ಕೆ.

ಈ ಗಂಟನ್ನು ಸರಿಯಾಗಿ ಗುರುತಿಸಿದವರು ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು (1859-1928). ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಅವರು ಸ್ವಜಾತಿಯವರ ಬಹಿಷ್ಕಾರವನ್ನೂ ಲೆಕ್ಕಿಸದೆ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯ ಜೊತೆಗೆ ನೇಯ್ಗೆಯಂಥ ಕಸುಬಿನ ತರಬೇತಿ, ಮನೆ ಕಟ್ಟಿಕೊಳ್ಳಲು ನೆಲ. ಮಗು ಶಾಲೆಗೆ ಹೋದ್ರೆ ಆ ದಿನದ ದುಡಿಮೆ ತಪ್ಪುತ್ತೆ, ಒಲೆ ಉರಿಯೋದು ಹೇಗೆ ಅನ್ನೋದು ಅವರಿಗೆ ಗೊತ್ತಿತ್ತು. ಅದಕ್ಕೇ ಹಾಜರಾದ ಮಕ್ಕಳಿಗೆ ದಿನಕ್ಕಿಷ್ಟು ಅಂತ ಕಾಸನ್ನೂ ಕೊಡುತ್ತಿದ್ದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಸಂಸ್ಥೆಯನ್ನು ನೋಡಿ ಮೆಚ್ಚಿದ್ದರು. ಇವತ್ತು ಮಂಗಳೂರಿನ ಪುರಭವನಕ್ಕೆ ರಂಗರಾಯರದ್ದೇ ಹೆಸರು.

ಆಮೇಲೆ ಕಾಯ್ದೆಗಳು ಇನ್ನೂ ಬಂದವು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹಳೇ ಜೀತದ ಸಾಲಗಳನ್ನೆಲ್ಲ ಅಳಿಸಿತು. ನಮ್ಮ ಕರಾವಳಿಯ ಕೊರಗರಿಗೆ ಅವಮಾನದ ಅಜಲು ಸೇವೆಯಿಂದ ಮುಕ್ತಿ ಕೊಡುವ ಕಾಯ್ದೆ ಬರಲು 2000ನೇ ಇಸವಿಯೇ ಬೇಕಾಯ್ತು. 2013ರಲ್ಲಿ 370ನೇ ಕಲಮನ್ನು ಬದಲಿಸಿ ಮಾನವ ಸಾಗಣೆ ಅಂದರೇನು ಅಂತ ಬಿಡಿಸಿ ಬರೆದರು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು. 2016ರ ಕೇಂದ್ರ ಯೋಜನೆಯಲ್ಲಿ ಜೀತದಿಂದ ಬಿಡುಗಡೆಯಾದವರಿಗೆ 1 ಲಕ್ಷದಿಂದ 3 ಲಕ್ಷ ರೂಪಾಯಿವರೆಗೆ ಪುನರ್ವಸತಿ ನೆರವಿದೆ.

ದುಡ್ಡು ಬೇಕು, ಖಂಡಿತ. ಆದ್ರೆ ಕೈಗೆ ಬಂದ ಲಕ್ಷ ಹಳೇ ಸಾಲಕ್ಕೋ ಒಂದು ಕಾಯಿಲೆಗೋ ಕರಗಿ ಹೋದ್ರೆ, ಮನುಷ್ಯ ಮತ್ತೆ ‘ಸಾಲದಾಳು’ ಆಗೋಕೆ ಎಷ್ಟು ದಿನ ಬೇಕು? ನೆಲ, ಅಕ್ಷರ, ಕಸುಬು ಮೂರೂ ಒಟ್ಟಿಗೆ ಸಿಗಬೇಕು ಅನ್ನೋದನ್ನು ಒಬ್ಬ ವಕೀಲರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದರು. ನಾವಿನ್ನೂ ಬಿಡಿಸಿ ತಂದ ದಿನದ ಫೋಟೋ ಹಾಕಿ ಸುಮ್ಮನಾಗ್ತೀವಿ. ಮರುದಿನದ ಕತೆ ಕೇಳೋರು ಯಾರು?

ನಿಮ್ಮೂರ ಹಳೇ ಕಡತಗಳಲ್ಲೂ ಇಂಥ ‘ಮೂಲದವರ’ ಉಲ್ಲೇಖ ಇದ್ದೀತು. ಒಮ್ಮೆ ಹುಡುಕಿ ನೋಡಿ.