ಮೌಸಿನ ಬಾಣ: ನಂಜನಗೂಡು–ನರಸೀಪುರ ಸೀಮೆಯಿಂದ ಒಂದು ಸಮೀಕ್ಷೆ

ಮೌಸಿನ ಕಾಲ ಮುಗಿಯಿತು, ಇನ್ನು ಬೆರಳೊಂದೇ ಸಾಕು ಎಂಬ ಮಾತು ಗಣಕಯಂತ್ರಗಳನ್ನು ಕುರಿತ ಬರಹಗಳಲ್ಲಿ ಈಚೆಗೆ ಸಿದ್ಧಾಂತದ ಗಾಂಭೀರ್ಯದೊಡನೆ ಪುನಃ ಪುನಃ ಕೇಳಿಬರುತ್ತಿದೆ. ಹೀಗೆ ಬರೆಯುವ ಮಹನೀಯರು ಒಂದು ಸೋಮವಾರ ಬೆಳಗ್ಗೆ ನಂಜನಗೂಡಿನ ತಾಲ್ಲೂಕು ಕಚೇರಿಗೋ, ತಿರುಮಕೂಡಲು ನರಸೀಪುರದ ಸಬ್‌ರಿಜಿಸ್ಟ್ರಾರ್ ಕಚೇರಿಗೋ, ಹುಲ್ಲಹಳ್ಳಿ ಇಲ್ಲವೆ ಬನ್ನೂರಿನ ನಾಡಕಚೇರಿಗೋ ಬಂದು ಸಾಲಿನಲ್ಲಿ ನಿಂತದ್ದೇ ಆದರೆ, ರೈತನ ಪಹಣಿಯಾಗಲಿ, ವಿದ್ಯಾರ್ಥಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವಾಗಲಿ, ವೃದ್ಧೆಯ ಪಿಂಚಣಿಯ ಅರ್ಜಿಯಾಗಲಿ ಇಂದಿಗೂ ಎಡಕ್ಕೆ ವಾಲಿದ ಒಂದು ಪುಟ್ಟ ಬಾಣದ ತುದಿಯಿಂದಲೇ ಹೊರಡುತ್ತಿರುವುದನ್ನು ಕಂಡು ತಮ್ಮ ಅಭಿಪ್ರಾಯವನ್ನು ಕೊಂಚವಾದರೂ ತಿದ್ದಿಕೊಳ್ಳುತ್ತಿದ್ದರು. ಆ ಬಾಣವನ್ನು ಬಳಸುವವರ ಕಣ್ಣಿಗೂ ಕೈಗೂ ಹೊಂದಿಸುವ ವಿದ್ಯೆ, ಅದು ಕೆಟ್ಟಾಗ ಕಾರಣ ಹುಡುಕುವ ವಿದ್ಯೆ, ಇವೆರಡೂ ನಡೆದುಬಂದ ದಾರಿಯನ್ನು ಈ ಎರಡು ಊರುಗಳಲ್ಲಿ ಯಂತ್ರ ರಿಪೇರಿಯನ್ನೂ ಪಾಠವನ್ನೂ ಮಾಡಿಕೊಂಡು ಬಂದವನೊಬ್ಬನ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಮೂಲದ ಕಥೆಯನ್ನು ಬಹಳ ಜನ ಹೇಳಿದ್ದಾರೆ; ಇಲ್ಲಿ ಸಂಕ್ಷೇಪವೇ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ ಬಿಲ್ ಇಂಗ್ಲಿಷ್ ನಿರ್ಮಿಸಿದ, ಪರಸ್ಪರ ಲಂಬವಾದ ಎರಡು ಗಾಲಿಗಳ ಮರದ ಪೆಟ್ಟಿಗೆ 1964ರದು. 1968ರ ಡಿಸೆಂಬರ್ 9ರಂದು ಅದರ ಬಹಿರಂಗ ಪ್ರದರ್ಶನವಾಯಿತು. ಆಗ ತೆರೆಯ ಮೇಲಿನ ಬಾಣ ನೆಟ್ಟಗೆ ಮೇಲ್ಮುಖವಾಗಿತ್ತು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಕೇಂದ್ರದಲ್ಲಿ ಸಿದ್ಧವಾದ ಆಲ್ಟೊ ಯಂತ್ರದಲ್ಲಿ ಅಡ್ಡ ಹದಿನಾರು, ಉದ್ದ ಹದಿನಾರು ಚುಕ್ಕೆಗಳ ಚೌಕದೊಳಗೆ ಬಾಣವನ್ನು ಬರೆಯಬೇಕಾಗಿ ಬಂದಾಗ, ಒಂದು ಅಂಚನ್ನು ನೇರವಾಗಿಯೂ ಇನ್ನೊಂದನ್ನು ನಲವತ್ತೈದು ಡಿಗ್ರಿಯ ಓರೆಯಾಗಿಯೂ ಇಟ್ಟರೆ ಅಷ್ಟು ಒರಟಾದ ತೆರೆಯಲ್ಲೂ ಆಕೃತಿ ಸ್ಫುಟವಾಗಿ ಕಾಣುವುದೆಂದು ಅರಿತು ಅದನ್ನು ಎಡಕ್ಕೆ ವಾಲಿಸಿದರು. ಅಂದಿನ ಆ ಓರೆ ಇಂದಿಗೂ ಉಳಿದಿದೆ. ಕಾರ್ಡ್, ಇಂಗ್ಲಿಷ್ ಮತ್ತು ಬರ್ ಎಂಬ ಮೂವರು 1978ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪಠ್ಯವನ್ನು ಗುರುತಿಸುವ ಕೆಲಸಕ್ಕೆ ಮೌಸು ಉಳಿದ ಸಾಧನಗಳಿಗಿಂತ ಶೀಘ್ರವೆಂದು ಕಂಡುಬಂದಿತು. 1984ರ ಮ್ಯಾಕಿಂತೋಷ್ ಯಂತ್ರಕ್ಕಾಗಿ ಸೂಸಾನ್ ಕೇರ್ ಬಿಡಿಸಿದ ಚಿತ್ರಗಳು ಈ ಚುಕ್ಕೆಗಳ ಕಲೆಗೆ ಒಂದು ಘನತೆಯನ್ನು ತಂದುಕೊಟ್ಟವು.

ಇದಾದ ಮೇಲಿನದು ಅಲಂಕಾರದ ಯುಗ. ವಿಂಡೋಸ್ 95 ಮತ್ತು ಅದರ ಸಮಕಾಲೀನ ತಂತ್ರಾಂಶಗಳೊಡನೆ ಚಲಿಸುವ ಪಾಯಿಂಟರುಗಳು ಬಂದು, ಯಂತ್ರ ಯೋಚಿಸುತ್ತಿರುವಾಗ ಓಡುವ ಕುದುರೆ, ನಡೆಯುವ ಡೈನೋಸಾರ್, ತಾನೇ ಸುಲಿದುಕೊಳ್ಳುವ ಬಾಳೆಹಣ್ಣು ಮೊದಲಾದುವು ತೆರೆಯ ಮೇಲೆ ಕುಣಿಯತೊಡಗಿದವು. ರಸಬಾಳೆಯ ನಾಡಿನಲ್ಲಿ ಆ ಬಾಳೆಹಣ್ಣಿಗೆ ದೊರೆತ ಸ್ವಾಗತವನ್ನು ಹೇಳಬೇಕಾದುದಿಲ್ಲ. ಆದರೆ ಹಣ್ಣಿನ ಯಾವ ಬಿಂದು ಒತ್ತತಕ್ಕದ್ದು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಈ ಮೋಹದ ದುಷ್ಪರಿಣಾಮವೂ ಬೇಗನೆ ಗೋಚರಿಸಿತು. ಜಾಲತಾಣಗಳಲ್ಲಿ ಬಾಣದ ರೂಪವನ್ನು ಬದಲಿಸುತ್ತಿದ್ದ ಕಾಮೆಟ್ ಕರ್ಸರ್ ಎಂಬ ತಂತ್ರಾಂಶ ತನ್ನ ಬಳಕೆದಾರರ ಸಂಚಾರವನ್ನು ಗುರುತುಸಂಖ್ಯೆಯೊಡನೆ ತನ್ನ ಕಂಪನಿಗೆ ವರದಿ ಮಾಡುತ್ತಿದೆಯೆಂಬುದು 1999ರಲ್ಲಿ ಬಯಲಾಯಿತು. ಲಿನಕ್ಸ್ ಪಂಥದವರಲ್ಲಿ 2003ರ ಸುಮಾರಿಗೆ ಕೀತ್ ಪ್ಯಾಕರ್ಡರ ಎಕ್ಸ್‌ಕರ್ಸರ್ ಬಂದ ಮೇಲೆ, ಅದುವರೆಗೆ ಎರಡೇ ಬಣ್ಣಗಳಲ್ಲಿದ್ದ ಪಾಯಿಂಟರಿಗೆ ನಸುನೆರಳೂ ನುಣುಪಾದ ಅಂಚೂ ಬಂದವು. ಅವರ ಅಭಿರುಚಿ ಮೇಲ್ಮಟ್ಟದ್ದೆಂದು ಒಪ್ಪಬೇಕು. ಆದರೂ ಇವೆಲ್ಲ ನೋಟದ ಶೋಕಿಗಳೇ ಹೊರತು ಉಪಯೋಗದ ವಿಚಾರವಲ್ಲ.

ಉಪಯೋಗದ ವಿಚಾರ ಮೊದಲಾದುದು ರಿಪೇರಿಯಿಂದ, ಎಂದರೆ ಗುಂಡಿನ ಮೌಸಿನ ಕಾಲದಿಂದ. ನಮ್ಮ ಪೀಳಿಗೆಯವರು ಕಲಿತದ್ದು ಅಲ್ಲಿಯೇ. ತಾಲ್ಲೂಕು ಕಚೇರಿಗಳ ಸುತ್ತ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗಳು ತಲೆಯೆತ್ತಿ, ಲಗ್ನಪತ್ರಿಕೆಗಳೂ ಜಾತ್ರೆಯ ಕರಪತ್ರಗಳೂ ಪೇಜ್‌ಮೇಕರಿನಲ್ಲಿ ಸಿದ್ಧವಾಗುತ್ತಿದ್ದ ಆ ದಿನಗಳಲ್ಲಿ, ಬಾಣ ಅಡ್ಡಕ್ಕೆ ಸರಾಗವಾಗಿ ಓಡಿ ಮೇಲಕ್ಕೆ ಮಾತ್ರ ಹೋಗಲೊಲ್ಲದೆ ನಿಂತಿತೆಂದರೆ ಮೌಸಿನ ತಳದ ಬಿಲ್ಲೆಯನ್ನು ತಿರುಗಿಸಿ, ರಬ್ಬರಿನ ಹೊದಿಕೆಯ ಗುಂಡನ್ನು ಅಂಗೈಗೆ ಬೀಳಿಸಿ, ಒಳಗೆ ಒಂದಕ್ಕೊಂದು ಲಂಬವಾಗಿರುವ ಎರಡು ಉರುಳೆಗಳ ನಡುಭಾಗದಲ್ಲಿ ಸುತ್ತಿಕೊಂಡ ಕೊಳೆಯ ಉಂಗುರವನ್ನು ಉಗುರಿನಿಂದ ಬಿಡಿಸುವುದೇ ಪರಿಹಾರವಾಗಿತ್ತು. ಯಾವ ಉರುಳೆ ಕೆಟ್ಟಿದೆಯೆಂಬುದನ್ನು ಬಾಣದ ನಡೆಯನ್ನು ನೋಡಿಯೇ ಹೇಳಬಹುದಾಗಿತ್ತು. ನಂಜನಗೂಡಿನ ಅಂಗಡಿಗಳಲ್ಲಿ ಆ ಕೊಳೆಯಲ್ಲಿ ವಿಭೂತಿಯ ಪಾಲು ಇರುತ್ತಿತ್ತು. ನರಸೀಪುರದ ಕಡೆ ಸುಗ್ಗಿಯಲ್ಲಿ ಭತ್ತದ ಧೂಳು. ಕೊಬ್ಬರಿ ಎಣ್ಣೆಯ ಜಿಡ್ಡು ಎರಡೂ ಕಡೆ ಸಮಾನ. ರೋಗದ ಲಕ್ಷಣವನ್ನು ಕಣ್ಣಿನಿಂದ ಕಂಡು ಕಾರಣವನ್ನು ಕೈಯಿಂದ ಮುಟ್ಟಬಹುದಾಗಿದ್ದ ಆ ಶಿಕ್ಷಣಕ್ಕೆ ಸಮನಾದದ್ದು ಅನಂತರದವರಿಗೆ ದೊರೆಯಲಿಲ್ಲವೆಂದರೆ ಅದು ಕೇವಲ ವೃದ್ಧರ ಗೊಣಗಾಟವಾಗದೆಂದು ನಂಬಿದ್ದೇನೆ.

ಇಂತಿರಲು ಭೂಮಿ ಯೋಜನೆ ಬಂದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ 177 ತಾಲ್ಲೂಕುಗಳಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿ, ಹದಿನೈದು ರೂಪಾಯಿಗೆ ಅಚ್ಚಾದ ಪ್ರತಿ ರೈತನ ಕೈಗೆ ಬರುವಂತಾದುದನ್ನು ಆಡಳಿತದ ಚರಿತ್ರೆ ಬರೆಯುವವರು ವಿಸ್ತಾರವಾಗಿ ವರ್ಣಿಸಿದ್ದಾರೆ. ಅವರು ಗಮನಿಸದೆ ಬಿಟ್ಟದ್ದು ಒಂದಿದೆ. ಆ ಕೌಂಟರುಗಳಲ್ಲಿ ರೈತನಿಗೆ ಕಾಣುವಂತೆ ಎರಡನೆಯ ತೆರೆಯೊಂದನ್ನು ಹೊರಮುಖವಾಗಿ ಇಡುವ ಏರ್ಪಾಡಿತ್ತು. ಅಕ್ಷರ ಬಾರದವನೂ ಆ ತೆರೆಯ ಮೇಲೆ ಬಾಣ ಎಲ್ಲಿಗೆ ಹೋಗಿ ಏನನ್ನು ಒತ್ತುತ್ತಿದೆಯೆಂಬುದನ್ನು ಹಿಂಬಾಲಿಸಿ, ‘ಅದಲ್ಲ ಸ್ವಾಮಿ, ಅದರ ಕೆಳಗಿನ ಸರ್ವೆ ನಂಬರು’ ಎನ್ನಬಹುದಾಗಿತ್ತು. ಎಂದಮೇಲೆ ಆ ಬಾಣ ಗುಮಾಸ್ತನೊಬ್ಬನಿಗೆ ಕಂಡರೆ ಸಾಲದು, ಕೌಂಟರಿನಾಚೆ ನಿಂತ ಎಪ್ಪತ್ತರ ಮುದುಕನಿಗೂ ಕಾಣಬೇಕು. ಪಾಯಿಂಟರಿನ ಗಾತ್ರವನ್ನು ಹಿಗ್ಗಿಸುವುದು, ಬಿಳಿಯ ಅರ್ಜಿಗಳ ಮೇಲೆ ಎದ್ದುಕಾಣಲು ಕಪ್ಪು ಬಾಣವನ್ನಾಗಲಿ ಹಿನ್ನೆಲೆಗೆ ತಕ್ಕಂತೆ ಬಣ್ಣ ಮಗುಚುವ ಬಾಣವನ್ನಾಗಲಿ ಆರಿಸುವುದು, ಕಂಟ್ರೋಲ್ ಕೀಲಿಯೊತ್ತಿದರೆ ಬಾಣದ ಸುತ್ತ ವೃತ್ತಗಳು ಮೂಡುವಂತೆ ಗುರುತುಹಾಕಿಡುವುದು, ಇವು ಆಗಲೇ ಇದ್ದ ಸೌಕರ್ಯಗಳು. ಬಳಸಿದವರು ವಿರಳ.

ಕನ್ನಡದ ಬರವಣಿಗೆಯಲ್ಲಿ ಬಾಣ ಎದುರಿಸಿದ ಕಷ್ಟ ಇನ್ನೊಂದು ಬಗೆಯದು. ಇಂಗ್ಲಿಷಿನ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ಬರುವಂತೆಯೇ ಇಲ್ಲ. ಪಠ್ಯದ ಮೇಲೆ ಬಂದೊಡನೆ ಬಾಣ ಹೋಗಿ ಕೂದಲೆಳೆಯಂಥ ಒಂದು ನಿಂತ ಗೀಟು ಬರುತ್ತದಷ್ಟೆ. ಹಳೆಯ ನುಡಿ ಮತ್ತು ಶ್ರೀಲಿಪಿ ಅಕ್ಷರವಿನ್ಯಾಸಗಳಲ್ಲಿ ಒಂದೇ ಅಕ್ಷರದ ಮೈ, ಕೊಂಬು, ಒತ್ತು ಬೇರೆಬೇರೆ ತುಣುಕುಗಳಾಗಿ ಶೇಖರವಾಗುತ್ತಿದ್ದುದರಿಂದ, ಮೌಸು ಒತ್ತಿದಾಗ ಆ ಗೀಟು ಅಕ್ಷರದ ಹೊಟ್ಟೆಯೊಳಗೇ ಹೋಗಿ ಕುಳಿತು, ಅಳಿಸಹೋದವನಿಗೆ ಅರ್ಧ ಅಕ್ಷರ ಉಳಿಯುತ್ತಿತ್ತು. ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಅಕ್ಷರವಿನ್ಯಾಸವೂ ಯೂನಿಕೋಡಿನ ಕನ್ನಡವೂ ಬಂದ ಮೇಲೆ ನಿಯಮ ತಿರುಗುಮುರುಗಾಯಿತು. ‘ಶ್ರೀ’ ಎಂಬುದು ಒಳಗೆ ನಾಲ್ಕು ಸಂಕೇತಗಳಾಗಿದ್ದರೂ ಹೊರಗೆ ಅಖಂಡ. ಗೀಟು ಅದರ ಹಿಂದೆ ನಿಲ್ಲುತ್ತದೆ ಇಲ್ಲವೆ ಮುಂದೆ ನಿಲ್ಲುತ್ತದೆ, ನಡುವೆ ಎಷ್ಟು ಒತ್ತಿದರೂ ನಿಲ್ಲದು. ಈಕಾರವನ್ನೊಂದೇ ತೆಗೆಯಬೇಕಾದವನು ಅಕ್ಷರದ ನಂತರ ಗೀಟನ್ನಿಟ್ಟು ಬ್ಯಾಕ್‌ಸ್ಪೇಸ್ ಒತ್ತಬೇಕು. ಮುಂಚೆ ಇಟ್ಟು ಡಿಲೀಟ್ ಒತ್ತಿದರೆ ಇಡೀ ‘ಶ್ರೀ’ಯೇ ಹೋಗುತ್ತದೆ. ಪಹಣಿಯಲ್ಲಿ ಶ್ರೀಕಂಠಯ್ಯನ ಹೆಸರು ತಿದ್ದಬೇಕಾದಾಗ ಈ ಭೇದ ತಿಳಿಯದೆ ಮೌಸನ್ನು ಮೇಜಿಗೆ ಬಡಿಯುವವರನ್ನು ಈಗಲೂ ಕಾಣಬಹುದು.

1999ರಲ್ಲಿ ಮೈಕ್ರೋಸಾಫ್ಟಿನ ಇಂಟೆಲ್ಲಿಮೌಸ್ ಎಕ್ಸ್‌ಪ್ಲೋರರ್ ಗುಂಡನ್ನು ತೊಡೆದುಹಾಕಿತು. ಅದರ ಹೊಟ್ಟೆಯಲ್ಲಿದ್ದ ಸಣ್ಣ ಕ್ಯಾಮೆರಾ ಕೆಂಪು ಬೆಳಕಿನಲ್ಲಿ ಮೇಜಿನ ಮೈಯನ್ನು ಸೆಕೆಂಡಿಗೆ 1500 ಬಾರಿ ಚಿತ್ರಿಸಿಕೊಂಡು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಗಣಿಸುತ್ತಿತ್ತು. ಕೊಳೆಯ ಬಾಧೆ ಹೋಯಿತು, ಗಾಜಿನ ಬಾಧೆ ಬಂದಿತು. ನಮ್ಮ ಕಚೇರಿಗಳ ಮೇಜಿನ ಮೇಲೆ ಗಾಜು, ಗಾಜಿನಡಿಯಲ್ಲಿ ದೇವರ ಪಟ, ರಜಾದಿನಗಳ ಪಟ್ಟಿ, ದೂರವಾಣಿ ಸಂಖ್ಯೆಗಳು, ಇದು ಪದ್ಧತಿ. ಗಾಜಿಗೂ ಕನ್ನಡಿಯಂತೆ ಹೊಳಪುಕೊಟ್ಟ ಗ್ರಾನೈಟಿಗೂ ಹಿಡಿದುಕೊಳ್ಳಬಹುದಾದ ಮೇಲ್ಮೈಯಿಲ್ಲದ ಕಾರಣ ಬಾಣ ಕಂಪಿಸುತ್ತದೆ, ಹಾರುತ್ತದೆ, ಸುಮ್ಮನೆ ನಿಲ್ಲುತ್ತದೆ. ಹೊಸ ಮೌಸು ಕೊಂಡರೂ ಅದೇ ಗತಿ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಸಿದರೆ ವ್ಯಾಧಿ ಕ್ಷಣದಲ್ಲಿ ವಾಸಿ.

ಲ್ಯಾಪ್‌ಟಾಪಿನ ಟಚ್‌ಪ್ಯಾಡು ತಂದ ತೊಂದರೆಗೆ ಕಾರಣ ಮೇಜಿನ ಮೇಲಲ್ಲ, ಗೋಡೆಯಾಚೆ ಇದೆ. ಚಾರ್ಜರ್ ಚುಚ್ಚಿದೊಡನೆ ಬಾಣ ಹುಚ್ಚೆದ್ದು ಕುಣಿಯುವುದು, ಕಿತ್ತೊಡನೆ ಶಾಂತವಾಗುವುದು, ಇದು ಬಹುಮಟ್ಟಿಗೆ ಅರ್ಥಿಂಗಿನ ದೋಷ. ಟಚ್‌ಪ್ಯಾಡು ಬೆರಳಿನ ವಿದ್ಯುದ್ಧಾರಕತೆಯ ಅತ್ಯಲ್ಪ ಬದಲಾವಣೆಯನ್ನು ಅಳೆಯುವ ಸಾಧನವಾದುದರಿಂದ, ನೆಲಕ್ಕೆ ಹೋಗಬೇಕಾದ ಸೋರುವಿದ್ಯುತ್ತು ದಾರಿ ಕಾಣದೆ ಯಂತ್ರದ ಮೈಯಲ್ಲೇ ಉಳಿದಾಗ ಬೆರಳಿಗೂ ಗದ್ದಲಕ್ಕೂ ಇರುವ ಭೇದವನ್ನು ಅದು ಅರಿಯಲಾರದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಿಕೊಳ್ಳುವ ನಮ್ಮ ಸಾಹಸ ಒಂದು ಕಡೆ; ಬೇಸಗೆಯಲ್ಲಿ ಒಣಗಿಹೋದ ಅರ್ಥ್ ಗುಂಡಿ ಇನ್ನೊಂದು ಕಡೆ. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗೆ ಆಗಾಗ್ಗೆ ಒಂದೆರಡು ಬಿಂದಿಗೆ ನೀರು ಸುರಿದರೆ ಒಳಗಿನ ಬಾಣ ನೆಟ್ಟಗಾಗುವುದನ್ನು ಕಂಡು ವಿದ್ಯಾವಂತರೂ ನಂಬಲಾರದೆ ನಿಂತದ್ದುಂಟು. ಡ್ರೈವರ್ ಬದಲಿಸಿ ವಿಂಡೋಸನ್ನೇ ಹೊಸದಾಗಿ ಹಾಕಿಕೊಡುವ ಈಗಿನ ತರುಣ ರಿಪೇರಿಯವರು ಮೊದಲು ಗೋಡೆಯ ಕಡೆ ನೋಡುವುದನ್ನು ರೂಢಿಮಾಡಿಕೊಂಡರೆ ಗಿರಾಕಿಗಳ ಹಣವೂ ಉಳಿದೀತು.

ಬಾಣವೇ ಕಾಣೆಯಾಗುವ ಪ್ರಕರಣಗಳಲ್ಲಿ ಬಹುಪಾಲು ಅದು ಕಾಣೆಯಾಗಿರುವುದಿಲ್ಲ, ಇಲ್ಲದ ತೆರೆಗೆ ಹೋಗಿರುತ್ತದೆ. ಶಾಲೆಯಲ್ಲಿ ಪ್ರೊಜೆಕ್ಟರಿಗೋ ಕಚೇರಿಯಲ್ಲಿ ಎರಡನೆಯ ತೆರೆಗೋ ಯಂತ್ರವನ್ನು ವಿಸ್ತರಿಸಿ, ತಂತಿ ಹಾಗೆಯೇ ಇದ್ದು ಆ ತೆರೆ ಮಾತ್ರ ಆರಿಹೋದಾಗ, ಬಾಣ ಬಲದ ಅಂಚನ್ನು ದಾಟಿ ಆಚೆ ಉಳಿದುಬಿಡುತ್ತದೆ. ವಿಂಡೋಸ್ ಕೀಲಿಯೊಡನೆ ‘ಪಿ’ ಒತ್ತಿ ಒಂದೇ ತೆರೆಯನ್ನು ಆರಿಸಿದರೆ ಮರಳುತ್ತದೆ. ಮೌಸೇ ಸತ್ತಾಗ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಅಂಕಿಗಳ ಕೀಲಿಗಳಿಂದಲೇ ಬಾಣವನ್ನು ನಡೆಸಬಹುದು; ಐದನೆಯ ಅಂಕಿಯೇ ಕ್ಲಿಕ್ಕು. ವಿಂಡೋಸ್ 95ರ ಕಾಲದ ಈ ವಿದ್ಯೆ ಕೈ ನಡುಗುವವರಿಗಾಗಿ ಕಲ್ಪಿತವಾದುದು. ಒಂದು ಕ್ಲಿಕ್ಕು ಎರಡಾಗಿ ಬಿದ್ದರೆ ಗುಂಡಿಯೊಳಗಿನ ಸ್ವಿಚ್ಚು ಸವೆದಿದೆ; ಎರಡು ಕ್ಲಿಕ್ಕು ಒಂದಾಗದಿದ್ದರೆ ಕೈ ನಿಧಾನ, ವೇಗದ ಪಟ್ಟಿಯನ್ನು ಸಡಿಲಿಸಬೇಕು. ಅರ್ಧ ಸೆಕೆಂಡಿನೊಳಗೆ ಎರಡು ಬಾರಿ ಒತ್ತಬೇಕೆಂಬ ಸಹಜ ವ್ಯವಸ್ಥೆ ತರುಣರದು.

ಈಚಿನ ದಶಕದ ಒಲವು ಕಣ್ಣಿನ ಕಡೆಗೆ ತಿರುಗಿರುವುದು ಸಂತೋಷದ ಸಂಗತಿ. 2015ರಲ್ಲಿ ಆಪಲ್ ಯಂತ್ರಗಳಲ್ಲಿ ಮೌಸನ್ನು ಬೇಗಬೇಗ ಅಲುಗಿಸಿದರೆ ಬಾಣ ಕ್ಷಣಕಾಲ ಹಿಗ್ಗುವ ಉಪಾಯ ಬಂದಿತು. 2019ರ ವಿಂಡೋಸ್ 10ರಲ್ಲಿ ಹದಿನೈದು ಹಂತಗಳ ಗಾತ್ರವೂ ಬೇಕಾದ ಬಣ್ಣವೂ, ಮರುವರ್ಷ ಪಠ್ಯದ ಗೀಟಿಗೆ ಎದ್ದುಕಾಣುವ ಬಣ್ಣದ ಗುರುತೂ ಸೇರಿದವು. ವೇಗದ ವಿಷಯದಲ್ಲಿ ಮಾತ್ರ 2001ರ ಎಕ್ಸ್‌ಪಿಯಿಂದ ಬಂದ ‘ನಿಖರತೆ ವರ್ಧನೆ’ ಎಂಬ ಸೌಲಭ್ಯ ಇನ್ನೂ ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ಕೈ ಬೇಗ ಹೋದರೆ ಬಾಣ ಇನ್ನೂ ಬೇಗ ಹೋಗುವ ಈ ಏರ್ಪಾಟು ಅಭ್ಯಾಸವಿದ್ದವರಿಗೆ ಅನುಕೂಲ. ಹೊಸದಾಗಿ ಕಲಿಯುವ ಅರುವತ್ತರ ಅಜ್ಜಿಗೆ ಬಾಣದ ನಡೆ ಅಂದಾಜಿಗೇ ಸಿಗುವುದಿಲ್ಲ. ಅದನ್ನು ತೆಗೆದು, ಹನ್ನೊಂದು ಹಂತಗಳ ವೇಗದಲ್ಲಿ ಆರನೆಯದಕ್ಕೆ ನಿಲ್ಲಿಸಿ ಪಾಠ ಆರಂಭಿಸುವುದು ನಮ್ಮ ಪಂಥ.

ಇಷ್ಟಾದರೂ ಉಳಿದಿರುವ ನ್ಯೂನತೆಗಳು ತಂತ್ರಾಂಶದವಲ್ಲ. ಬಾಣದ ಜಾಗದಲ್ಲಿ ನೀಲಿಯ ಉಂಗುರ ಸುತ್ತುತ್ತಿದ್ದರೆ ಯಂತ್ರ ನಿರತವಾಗಿದೆ, ಬಾಣ ಬಾಣವಾಗಿಯೇ ಇದ್ದು ಪುಟ ಬಾರದಿದ್ದರೆ ಹೆಚ್ಚಾಗಿ ದೂರದ ಸರ್ವರು ನಿರತವಾಗಿದೆ ಎಂಬ ಸ್ಥೂಲ ಭೇದವನ್ನೂ ತಿಳಿಸದೆ, ಎರಡಕ್ಕೂ ‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಒಂದೇ ಉತ್ತರ ಕೌಂಟರುಗಳಲ್ಲಿ ರೂಢವಾಗಿದೆ. ಎಡಗೈ ಬಳಕೆಯವರು ಗುಂಡಿಗಳನ್ನು ಅದಲುಬದಲು ಮಾಡಿಕೊಂಡರೆ ಮುಂದಿನ ಪಾಳಿಯವರ ಬೈಗುಳ ಕೇಳಬೇಕಾಗುತ್ತದೆ. ಪಾಯಿಂಟರಿನ ಗಾತ್ರ, ಬಣ್ಣ, ವೇಗ, ಗುಂಡಿಗಳ ಕ್ರಮ ಇವೆಲ್ಲ ವಿಂಡೋಸಿನಲ್ಲಿ ಯಂತ್ರಕ್ಕಲ್ಲದೆ ಬಳಕೆದಾರನ ಖಾತೆಗೆ ಸೇರಿದುವು. ಪಾಳಿಗೊಬ್ಬರಂತೆ ಕೂರುವ ಯಂತ್ರದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಖಾತೆಯನ್ನು ತೆರೆದುಕೊಟ್ಟರೆ, ಕನ್ನಡಕದ ಗುಮಾಸ್ತರಿಗೆ ದೊಡ್ಡ ಬಾಣವೂ ಎಡಗೈಯವರಿಗೆ ಅವರ ಗುಂಡಿಯೂ ಲಾಗಿನ್ ಆದೊಡನೆ ಬಂದು ನಿಲ್ಲುತ್ತವೆ; ಖರ್ಚು ಏನೂ ಇಲ್ಲ. ಸರ್ಕಾರಿ ನೌಕರರಿಗೆ ಗಣಕ ಸಾಕ್ಷರತಾ ಪರೀಕ್ಷೆಯನ್ನು ವಿಧಿಸಿದ ನಿಯಮಗಳು 2012ರಲ್ಲಿ ಬಂದವು. ಅದಕ್ಕೆ ಅಭ್ಯಾಸ ಮಾಡಿಸುವ ನಮ್ಮಂಥ ಕೇಂದ್ರಗಳಲ್ಲಿ ಕಡತ, ಕೋಷ್ಟಕ, ನುಡಿಯ ಕೀಲಿಮಣೆಗಳಿಗೆ ವಾರಗಟ್ಟಲೆ ಮೀಸಲಾಗಿದ್ದರೂ, ಅಭ್ಯರ್ಥಿಯನ್ನು ಕೂರಿಸಿ ಅವರ ಕಣ್ಣಿಗೆ ಬಾಣ ಕಾಣುತ್ತಿದೆಯೇ ಎಂದು ಕೇಳಿ ಅದನ್ನು ಸರಿಪಡಿಸುವ ಹತ್ತು ನಿಮಿಷ ಪಾಠಪಟ್ಟಿಗೆ ಇನ್ನೂ ಸೇರಿಲ್ಲ.