ಆನ್‌ಲೈನ್ ವಿವಾಹ ವಿಚ್ಛೇದನ ಮಧ್ಯಸ್ಥಿಕೆ ಸೇವೆ ಆರಂಭಿಸುವವರ ಮಾಹಿತಿಗಾಗಿ

ಪತಿ-ಪತ್ನಿಯರ ನಡುವಣ ವಿವಾದಗಳನ್ನು ವಿಡಿಯೋ ಕರೆಯ ಮೂಲಕ ಮಧ್ಯಸ್ಥಿಕೆ ನಡೆಸಿ ಬಗೆಹರಿಸುವ ಖಾಸಗಿ ಸೇವೆಯನ್ನು ಆರಂಭಿಸಲು ಇಚ್ಛಿಸುವ ವಕೀಲರು, ಆಪ್ತಸಮಾಲೋಚಕರು ಹಾಗೂ ಅಂತಹ ಸೇವೆಯನ್ನು ಪಡೆಯಬಯಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವಿಚ್ಛೇದನ ನೀಡುವ ಅಧಿಕಾರ

ಮಧ್ಯಸ್ಥಿಕೆದಾರರಿಗೆ ವಿಚ್ಛೇದನ ನೀಡುವ ಅಧಿಕಾರವಿರುವುದಿಲ್ಲ. ಹಿಂದೂ ವಿವಾಹ ಕಾಯ್ದೆ, 1955, ವಿಶೇಷ ವಿವಾಹ ಕಾಯ್ದೆ, 1954 ಮತ್ತು ವಿಚ್ಛೇದನ ಕಾಯ್ದೆ, 1869ರ ಅಡಿಯಲ್ಲಿ ಆ ಅಧಿಕಾರ ನ್ಯಾಯಾಲಯಕ್ಕೆ ಸೇರಿದ್ದು. ಸಮುದಾಯದ ರೂಢಿಯಂತೆ ಪಡೆಯುವ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಪ್ರಕರಣ ಉಳಿಸಿಕೊಂಡಿದೆಯಾದರೂ, ಅಂತಹ ರೂಢಿ ಇದೆಯೆಂಬುದನ್ನು ಹೇಳುವವರೇ ಸಾಬೀತುಪಡಿಸಬೇಕಾಗುತ್ತದೆ. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮೊಹರು ಹಾಕಿಸಿದ ಪತ್ರದಿಂದ ವಿವಾಹವು ಮುರಿಯುವುದಿಲ್ಲ. ಅದನ್ನು ನಂಬಿ ಮರುಮದುವೆಯಾದವರು ದ್ವಿವಿವಾಹದ ಆರೋಪವನ್ನು ಎದುರಿಸಬೇಕಾದೀತು. ಆದುದರಿಂದ ‘ಮನೆಯಲ್ಲೇ ಕುಳಿತು ವಿಚ್ಛೇದನ ಪಡೆಯಿರಿ’ ಎಂಬ ರೀತಿಯ ಪ್ರಚಾರವು ದಾರಿತಪ್ಪಿಸುವಂತಹುದು.

ಮಧ್ಯಸ್ಥಿಕೆಯಿಂದ ಆಗುವುದು ಬೇರೆಯೇ ಕೆಲಸ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕರಣದಂತೆ, ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ವಾಸಿಸಿದ ದಂಪತಿಗಳು ಪರಸ್ಪರ ಒಪ್ಪಿಗೆಯಿಂದ ಜಂಟಿ ಅರ್ಜಿ ಸಲ್ಲಿಸಬಹುದು. ಆನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಜೀವನಾಂಶ, ಮಕ್ಕಳ ಪಾಲನೆ ಮತ್ತಿತರ ವಿಷಯಗಳು ಪ್ರಾಮಾಣಿಕವಾಗಿ ಇತ್ಯರ್ಥಗೊಂಡಿವೆಯೇ ಎಂಬುದನ್ನು ನ್ಯಾಯಾಲಯವು ಆಗ ಪರಿಶೀಲಿಸುತ್ತದೆ. ಉತ್ತಮ ಮಧ್ಯಸ್ಥಿಕೆಯ ಪ್ರಯೋಜನ ಕಾಣುವುದು ಇಲ್ಲಿಯೇ.

ತರಬೇತಿ ಮತ್ತು ನೋಂದಣಿ

ಖಾಸಗಿ ಮಧ್ಯಸ್ಥಿಕೆಗೆ ರಾಜ್ಯ ಸರ್ಕಾರದ ಯಾವುದೇ ಇಲಾಖೆಯು ಪರವಾನಗಿ ನೀಡುವುದಿಲ್ಲ. ಮಧ್ಯಸ್ಥಿಕೆ ಕಾಯ್ದೆ, 2023ರ 30ನೇ ಪ್ರಕರಣವು ಉಭಯ ಪಕ್ಷಗಳ ಲಿಖಿತ ಒಪ್ಪಿಗೆಯ ಮೇರೆಗೆ ಆನ್‌ಲೈನ್ ಮಧ್ಯಸ್ಥಿಕೆಗೆ ಅವಕಾಶ ಕಲ್ಪಿಸುತ್ತದೆ. ಆದರೆ 2023ರ ಅಕ್ಟೋಬರ್ 9ರಂದು ಜಾರಿಗೆ ತಂದ ಪ್ರಕರಣಗಳ ಪಟ್ಟಿಯಲ್ಲಿ ಸದರಿ 30ನೇ ಪ್ರಕರಣ ಸೇರಿರಲಿಲ್ಲ. ಸೇವೆ ಆರಂಭಿಸುವ ಮುನ್ನ ಆನಂತರದ ಅಧಿಸೂಚನೆಗಳನ್ನು ಪರಿಶೀಲಿಸತಕ್ಕದ್ದು.

ಸರ್ವೋಚ್ಚ ನ್ಯಾಯಾಲಯದ ಮಧ್ಯಸ್ಥಿಕೆ ಮತ್ತು ಸಂಧಾನ ಯೋಜನಾ ಸಮಿತಿಯು ರೂಪಿಸಿದ 40 ಗಂಟೆಗಳ ತರಬೇತಿಯು ಸಾಮಾನ್ಯವಾಗಿ ಅಂಗೀಕೃತವಾದ ಅರ್ಹತೆಯಾಗಿದೆ. ನ್ಯಾಯಾಲಯಗಳು ಕಳುಹಿಸುವ ಪ್ರಕರಣಗಳನ್ನು 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಹಾಗೂ ಜಿಲ್ಲಾ ಮಟ್ಟದ ಕೇಂದ್ರಗಳು ಶುಲ್ಕವಿಲ್ಲದೆ ನಡೆಸುತ್ತವೆ. ಹೊಸದಾಗಿ ಸೇವೆ ಆರಂಭಿಸುವವರು ಇದನ್ನು ಮರೆಮಾಚದೆ ಕಕ್ಷಿದಾರರಿಗೆ ಮೊದಲೇ ತಿಳಿಸುವುದು ನ್ಯಾಯಸಮ್ಮತ. ವಕೀಲರಾಗಿರುವವರಿಗೆ ಜಾಹೀರಾತು ನೀಡುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನಿಷೇಧಿಸುತ್ತದೆ. ವೆಬ್‌ಸೈಟಿನಲ್ಲಿ ನಿಗದಿತ ವಿವರಗಳನ್ನಷ್ಟೇ ಪ್ರಕಟಿಸಬಹುದು.

ಪರದೆಯ ಆಚೆಗಿನ ವ್ಯಕ್ತಿ

ಮುಖಾಮುಖಿ ಸಭೆಯಲ್ಲಿ ಕೊಠಡಿಯೊಳಗೆ ಯಾರಿದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ. ವಿಡಿಯೋ ಕರೆಯಲ್ಲಿ ಹಾಗಿಲ್ಲ. ಕ್ಯಾಮೆರಾದ ಹಿಂದೆ ಅತ್ತೆ-ಮಾವಂದಿರು, ತವರಿನವರು ಅಥವಾ ಪತಿಯೇ ನಿಂತು ಉತ್ತರ ಹೇಳಿಕೊಡುವ ಸಾಧ್ಯತೆ ಇರುತ್ತದೆ. ‘ಆಗಲಿ, ಒಪ್ಪಿದ್ದೇನೆ’ ಎಂಬ ಮಾತು ಯಾರದೆಂದು ತಿಳಿಯದಿದ್ದಲ್ಲಿ ಆ ಒಪ್ಪಿಗೆಗೆ ಬೆಲೆಯಿಲ್ಲ. ಬಲವಂತದಿಂದ ಪಡೆದ ಸಹಿಯು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಷ್ಟರಲ್ಲಿ ಆ ವ್ಯಕ್ತಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ.

ಆದುದರಿಂದ ಜಂಟಿ ಸಭೆಗೆ ಮುನ್ನ ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡತಕ್ಕದ್ದು. ಈ ಹಂತದಲ್ಲಿ ಹಲ್ಲೆ, ಬೆದರಿಕೆ, ಹಣಕಾಸಿನ ಹಿಡಿತ ಇವುಗಳ ಬಗ್ಗೆ ನೇರವಾಗಿ ವಿಚಾರಿಸಬೇಕು. ಮೊಬೈಲ್ ಮತ್ತು ಸಂಪರ್ಕ ಯಾರ ಹೆಸರಿನಲ್ಲಿದೆ, ಸಂದೇಶಗಳನ್ನು ಬೇರೆಯವರು ಓದುತ್ತಾರೆಯೇ ಎಂಬುದನ್ನೂ ಕೇಳಬೇಕು. ಪ್ರತಿ ಸಭೆಯ ಆರಂಭದಲ್ಲಿ ಕ್ಯಾಮೆರಾವನ್ನು ಸುತ್ತ ತಿರುಗಿಸಿ ಕೊಠಡಿಯನ್ನು ತೋರಿಸುವಂತೆ ಕೋರುವುದು ಅಸಭ್ಯವೇನಲ್ಲ. ಉಭಯರಿಗೂ ಒಂದೇ ನಿಯಮ ಅನ್ವಯಿಸಿದರೆ ಯಾರೂ ಬೇಸರಿಸುವುದಿಲ್ಲ. ಅಪಾಯದಲ್ಲಿರುವವರು ಸಭೆ ನಿಲ್ಲಿಸಲು ಬಳಸಬಹುದಾದ ಸಾಧಾರಣ ಪದವೊಂದನ್ನು ಮೊದಲೇ ನಿಗದಿಪಡಿಸುವುದು ಉಚಿತ. ಕೌಟುಂಬಿಕ ದೌರ್ಜನ್ಯ ಕಂಡುಬಂದಲ್ಲಿ ಮಧ್ಯಸ್ಥಿಕೆ ಮುಂದುವರಿಸುವುದಕ್ಕಿಂತ ತಾಲ್ಲೂಕಿನ ಸಂರಕ್ಷಣಾಧಿಕಾರಿ ಅಥವಾ 181 ಮಹಿಳಾ ಸಹಾಯವಾಣಿಗೆ ಮಾರ್ಗ ತೋರಿಸುವುದೇ ಮೊದಲ ಕರ್ತವ್ಯ.

2023ರ ಕಾಯ್ದೆಯು ಮಧ್ಯಸ್ಥಿಕೆಯ ಧ್ವನಿ ಹಾಗೂ ವಿಡಿಯೋ ಮುದ್ರಣವನ್ನು ನಿಷೇಧಿಸುತ್ತದೆ. ಅನೇಕ ವಿಡಿಯೋ ಕರೆ ತಂತ್ರಾಂಶಗಳಲ್ಲಿ ಮುದ್ರಣದ ಸೌಲಭ್ಯವಿರುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಒಪ್ಪಂದ ಪತ್ರದ ಮಿತಿಗಳು

ಮಕ್ಕಳ ಜೀವನಾಂಶದ ಹಕ್ಕನ್ನು ತಂದೆ-ತಾಯಂದಿರು ಬರೆದುಕೊಟ್ಟು ಬಿಡಲಾಗದು. ಪಾಲನೆಯ ಕುರಿತ ಒಪ್ಪಂದವನ್ನು ಮಗುವಿನ ಹಿತದೃಷ್ಟಿಯಿಂದ ನ್ಯಾಯಾಲಯವು ಬದಲಿಸಬಹುದು. ಮನೆ ಅಥವಾ ನಿವೇಶನವನ್ನು ಒಬ್ಬರಿಗೆ ಬಿಟ್ಟುಕೊಡುವುದಾದಲ್ಲಿ ಮುದ್ರಾಂಕ ಶುಲ್ಕ ಮತ್ತು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯ ಪ್ರಶ್ನೆ ಬರುತ್ತದೆ.

ಅತಿ ಹೆಚ್ಚು ಗೊಂದಲವಿರುವುದು ಕ್ರಿಮಿನಲ್ ಪ್ರಕರಣಗಳ ವಿಷಯದಲ್ಲಿ. ಪತ್ನಿಯ ಮೇಲಿನ ಕ್ರೌರ್ಯದ ಅಪರಾಧವು (ಹಿಂದಿನ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಪ್ರಕರಣ) ಕರ್ನಾಟಕದಲ್ಲಿ ರಾಜಿಯಾಗಬಹುದಾದ ಅಪರಾಧವಲ್ಲ. ‘ದೂರನ್ನು ಹಿಂಪಡೆಯತಕ್ಕದ್ದು’ ಎಂದು ಒಪ್ಪಂದದಲ್ಲಿ ಬರೆದ ಮಾತ್ರಕ್ಕೆ ಪ್ರಕರಣ ಮುಗಿಯುವುದಿಲ್ಲ. ಉಭಯರೂ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ರದ್ದತಿಯನ್ನು ಕೋರಬೇಕಾಗುತ್ತದೆ. ಹಣ ಪಾವತಿಯ ಕಂತುಗಳನ್ನು ಈ ಹಂತಗಳಿಗೆ ಹೊಂದಿಸಿ ಬರೆಯುವುದು ರೂಢಿಯಲ್ಲಿದೆ. ಪೂರ್ತಿ ಹಣವನ್ನು ಮೊದಲೇ ಕೊಡುವುದಾಗಲಿ, ಎಲ್ಲವನ್ನೂ ಕೊನೆಗೆ ಉಳಿಸುವುದಾಗಲಿ ಒಂದು ಪಕ್ಷವನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಕಕ್ಷಿದಾರರಲ್ಲೊಬ್ಬರು ವಿದೇಶದಲ್ಲಿದ್ದಲ್ಲಿ

ಆನ್‌ಲೈನ್ ಮಧ್ಯಸ್ಥಿಕೆ ನಿಜವಾಗಿ ಅನುಕೂಲವಾಗುವುದು ಇಂತಹ ದಂಪತಿಗಳಿಗೆ. ಸಭೆಯ ವೇಳೆಯನ್ನು ಭಾರತೀಯ ಕಾಲಮಾನ ಹಾಗೂ ಅಲ್ಲಿನ ಕಾಲಮಾನ ಎರಡರಲ್ಲಿಯೂ ನಮೂದಿಸತಕ್ಕದ್ದು. ಒಪ್ಪಂದಕ್ಕೆ ಕೈಬರಹದ ಸಹಿ ಪಡೆದು ಮೂಲ ಪ್ರತಿಯನ್ನು ಅಂಚೆಯ ಮೂಲಕ ತರಿಸಿಕೊಳ್ಳುವುದು ಸುರಕ್ಷಿತ. ಅರ್ಜಿ ಸಲ್ಲಿಕೆಗೆ ಅಧಿಕಾರ ಪತ್ರ ನೀಡುವುದಾದಲ್ಲಿ ಅದನ್ನು ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸತಕ್ಕದ್ದು. ಮೇಲ್ಕಂಡ 2017ರ ತೀರ್ಪಿನಲ್ಲಿಯೇ ವಿಡಿಯೋ ಕಾನ್ಫರೆನ್ಸ್ ಬಳಕೆಗೂ, ಖುದ್ದು ಹಾಜರಾಗಲು ಸಾಧ್ಯವಾಗದವರ ಪರವಾಗಿ ತಂದೆ-ತಾಯಿ ಅಥವಾ ಒಡಹುಟ್ಟಿದವರ ಹಾಜರಿಗೂ ನ್ಯಾಯಾಲಯದ ಅನುಮತಿಗೆ ಒಳಪಟ್ಟು ಅವಕಾಶ ನೀಡಲಾಗಿದೆ.