ಸುಪ್ತ ಕ್ಷಯ ಸೋಂಕಿನ ಮರುಪರೀಕ್ಷೆ

ಕ್ಷಯದ ರೋಗಾಣು ದೇಹದಲ್ಲಿದ್ದೂ ಕಾಯಿಲೆ ಬೀಳದವರನ್ನು ಗುರುತಿಸುವ ಪರೀಕ್ಷೆಯನ್ನು ಕೆಲಕಾಲ ಬಿಟ್ಟು ಮತ್ತೆ ಮಾಡುವ ಕ್ರಮ. ರೋಗಿಯ ಮನೆಯವರು, ಆಸ್ಪತ್ರೆ ಸಿಬ್ಬಂದಿ ಮೊದಲಾದವರಲ್ಲಿ ಹೊಸ ಸೋಂಕು ಪತ್ತೆಹಚ್ಚುವುದು ಇದರ ಉದ್ದೇಶ.

1890ರಲ್ಲಿ ರಾಬರ್ಟ್ ಕಾಕ್, ಕ್ಷಯದ ರೋಗಾಣುವಿನಿಂದ ತೆಗೆದ ಟ್ಯೂಬರ್ಕ್ಯುಲಿನ್ ಎಂಬ ಸಾರವನ್ನು ಮದ್ದೆಂದು ಸಾರಿದ. ಮದ್ದಾಗಿ ಅದು ಸೋತಿತು, ಪರೀಕ್ಷೆಯಾಗಿ ಉಳಿಯಿತು. 1908ರಲ್ಲಿ ಫ್ರಾನ್ಸಿನ ಶಾರ್ಲ್ ಮಾಂಟೂ ಅದನ್ನು ಮುಂಗೈ ಚರ್ಮದೊಳಕ್ಕೆ ಚುಚ್ಚುವ ಕ್ರಮ ತಂದ. 48ರಿಂದ 72 ಗಂಟೆಗಳ ನಂತರ ಫಲಿತಾಂಶ ನೋಡುತ್ತಾರೆ. ಚರ್ಮ ಕೆಂಪಾಗಿರುವುದು ಲೆಕ್ಕಕ್ಕಿಲ್ಲ. ಬೆರಳಾಡಿಸಿ, ಗಟ್ಟಿಯಾದ ಊತದ ಅಂಚು ಹಿಡಿದು, ಅಡ್ಡಗಲವನ್ನು ಮಿಲಿಮೀಟರಿನಲ್ಲಿ ಅಳೆಯಬೇಕು. ಅಳೆಯುವ ಕೈ ಪಳಗಿರದಿದ್ದರೆ ಎರಡು ಪರೀಕ್ಷೆಗಳ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಮರುಪರೀಕ್ಷೆಯ ದೊಡ್ಡ ತೊಡಕು ಬಯಲಾದದ್ದರಲ್ಲಿ ಕರ್ನಾಟಕದ ಪಾಲು ಹಿರಿದು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಸಿತು. ಇದೇ ಸಂಸ್ಥೆಯ ರಾಜ್ ನಾರಾಯಣ್ ಮತ್ತು ಸಂಗಡಿಗರು 1966ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದ ಲೇಖನ, ಮೊದಲು ಚುಚ್ಚಿಸಿಕೊಂಡವರಲ್ಲಿ ಮರುಪರೀಕ್ಷೆಯ ಊತ ಹಿಗ್ಗುತ್ತದೆಂದು ತೋರಿಸಿತು. ಹಳೆಯ ಸೋಂಕಿನ, ಬಿಸಿಜಿ ಲಸಿಕೆಯ ಅಥವಾ ಪರಿಸರದ ಇತರ ಮೈಕೋಬ್ಯಾಕ್ಟೀರಿಯಾಗಳ ಮಾಸಿದ ನೆನಪನ್ನು ಮೊದಲ ಚುಚ್ಚೇ ಎಬ್ಬಿಸಿಬಿಡುತ್ತದೆ. ಇದು ತಿಳಿಯದೆ ಲೆಕ್ಕ ಹಾಕಿದರೆ ಹಳೆಯ ಸೋಂಕೂ ಹೊಸದಾಗಿ ಕಾಣುತ್ತದೆ. ಮೊದಲ ಫಲಿತಾಂಶ ನೆಗೆಟಿವ್ ಬಂದರೆ ಒಂದರಿಂದ ಮೂರು ವಾರದೊಳಗೆ ಇನ್ನೊಮ್ಮೆ ಚುಚ್ಚಿ, ಆ ಎರಡನೆಯ ಅಳತೆಯನ್ನೇ ಮುಂದಿನ ಹೋಲಿಕೆಗೆ ಆಧಾರವಾಗಿಡುವ ಎರಡು ಹಂತದ ಕ್ರಮ ಈ ತೊಡಕಿಗೆ ಕಂಡುಕೊಂಡ ಪರಿಹಾರ.

2001ರ ನಂತರ ಬಳಕೆಗೆ ಬಂದ ಇಂಟರ್‌ಫೆರಾನ್ ಗಾಮಾ ರಕ್ತಪರೀಕ್ಷೆ ಚರ್ಮಕ್ಕೆ ಏನನ್ನೂ ಚುಚ್ಚದ ಕಾರಣ ತಾನಾಗಿ ಹಿಗ್ಗುವಿಕೆ ತರುವುದಿಲ್ಲ. ಅದರ ಈಚಿನ ಮಾದರಿಗಳಿಗೆ ಬಿಸಿಜಿಯ ಗೊಂದಲವೂ ಇಲ್ಲ. ಆದರೂ ಸಮಸ್ಯೆ ಮುಗಿಯಲಿಲ್ಲ. ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ ಮಧುಕರ್ ಪೈ ಮತ್ತು ಸಹೋದ್ಯೋಗಿಗಳು ಆರೋಗ್ಯ ಕಾರ್ಯಕರ್ತರ ರಕ್ತವನ್ನು ಮರುಪರೀಕ್ಷಿಸಿದಾಗ, ಗಡಿಯಂಚಿನ ಫಲಿತಾಂಶಗಳು ಅತ್ತಿತ್ತ ಹೊರಳಿದ್ದು ಕಂಡುಬಂತು. 2022ರಲ್ಲಿ ಭಾರತದಲ್ಲಿ ಅನುಮೋದನೆ ಪಡೆದ ಸೈ-ಟಿಬಿ ಮತ್ತೆ ಚರ್ಮದ ಪರೀಕ್ಷೆಯೇ. ಅದರಲ್ಲಿರುವ ಎರಡು ಪ್ರೋಟೀನುಗಳು ಬಿಸಿಜಿ ಲಸಿಕೆಯಲ್ಲಿಲ್ಲ.

ಇವುಗಳಲ್ಲಿ ಯಾವುದೂ ಸುಪ್ತ ಸೋಂಕನ್ನೂ ಕಾಯಿಲೆಯನ್ನೂ ಬೇರ್ಪಡಿಸಿ ಹೇಳದು. ಚಿಕಿತ್ಸೆ ಮುಗಿದ ಮೇಲೂ ಪಾಸಿಟಿವ್ ಆಗಿಯೇ ಉಳಿಯುವುದು ಸಾಮಾನ್ಯ. ಆದ್ದರಿಂದ ಒಮ್ಮೆ ಖಚಿತವಾಗಿ ಪಾಸಿಟಿವ್ ಬಂದವರಿಗೆ ಇದೇ ಪರೀಕ್ಷೆ ಮತ್ತೆ ಬೇಡ. ಕೆಮ್ಮು, ಜ್ವರ, ತೂಕ ಇಳಿಕೆ ಕಂಡರೆ ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಮಾಡಿಸಬೇಕು.